ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿ

ನಮ್ಮ ನುಡಿಯಲ್ಲಿ ‘ಅಚ್ಚು’ ಎಂಬ ಮಾತಿನ ವ್ಯಾಪ್ತಿ ದೊಡ್ಡದು. ಬೆಲ್ಲಕ್ಕೂ ಅಚ್ಚುಂಟು, ಪುಸ್ತಕಕ್ಕೂ ಅಚ್ಚುಂಟು. ಮನಸ್ಸಿನಲ್ಲಿ ನೆಲೆನಿಂತ ನೆನಪನ್ನು ಕೂಡ ಅಚ್ಚೊತ್ತಿದೆ ಎಂದೇ ಹೇಳುತ್ತೇವೆ. ಆದರೂ ಚಿತ್ರವನ್ನು ಅಚ್ಚು ಹಾಕುವುದೆಂದರೆ ಅದು ಯಂತ್ರದ ಕೆಲಸ, ಮನೆಯಲ್ಲಿ ಕುಳಿತವರಿಗೆ ಸಲ್ಲದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಒಂದು ಹಲಗೆ, ಒಂದು ಉಳಿ, ತುಸು ಮಸಿ, ಒಂದು ಹಾಳೆ ಕಾಗದ ಇವಿಷ್ಟಿದ್ದರೆ ಯಾರಾದರೂ ಈ ಕೆಲಸಕ್ಕೆ ಕೈಹಾಕಬಹುದು. ಇಷ್ಟು ಸರಳವಾದ ಸಂಗತಿಯನ್ನು ಲೋಕವು ಒಪ್ಪಿ ಗೌರವಿಸುವುದಕ್ಕೆ ಜಪಾನಿನಲ್ಲಿ ಸುಮಾರು ಅರ್ಧ ಶತಮಾನ ಹಿಡಿಯಿತು. ಆ ಕಥೆಯನ್ನು ಇಲ್ಲಿ ಓದುಗರ ಮುಂದೆ ಇಡುತ್ತೇನೆ.

ಹೊಕುಸಾಯ್, ಹಿರೋಶಿಗೆ ಮೊದಲಾದವರ ಮರದಚ್ಚಿನ ವರ್ಣಚಿತ್ರಗಳನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ಆ ಚಿತ್ರಗಳು ಒಬ್ಬನ ಕೈಯಿಂದ ಹೊರಟವಲ್ಲ. ಚಿತ್ರಕಾರನು ತೆಳುವಾದ ಕಾಗದದ ಮೇಲೆ ರೇಖೆಗಳನ್ನು ಬರೆದುಕೊಡುವನು. ಕೆತ್ತುವವನು ಆ ಕಾಗದವನ್ನು ಹಲಗೆಗೆ ಅಂಟಿಸಿ, ರೇಖೆಯನ್ನುಳಿದು ಮಿಕ್ಕ ಮರವನ್ನು ಕೆತ್ತಿ ತೆಗೆಯುವನು. ಒತ್ತುವವನು ಹಲಗೆಗೆ ಬಣ್ಣ ಬಳಿದು, ಅದರ ಮೇಲೆ ಒದ್ದೆ ಮಾಡಿದ ಕಾಗದವನ್ನು ಹರವಿ ಉಜ್ಜುವನು. ಬಣ್ಣಕ್ಕೊಂದರಂತೆ ಹಲಗೆ ಬೇಕಾಗುತ್ತಿದ್ದುದರಿಂದ ಈ ಮೂವರನ್ನೂ ಒಟ್ಟುಗೂಡಿಸಿ ಹಣ ಹೂಡುವ ಪ್ರಕಾಶಕನೊಬ್ಬನೂ ಇರಬೇಕಾಗಿತ್ತು. ಈ ಏರ್ಪಾಡಿನಿಂದ ಅಪೂರ್ವವಾದ ಚಿತ್ರಗಳು ಹುಟ್ಟಿದವು, ನಿಜ. ಆದರೆ ಚಿತ್ರವನ್ನು ಮನಸ್ಸಿನಲ್ಲಿ ಕಂಡವನು ಉಳಿಯನ್ನು ಮುಟ್ಟುತ್ತಿರಲಿಲ್ಲ. ಉಳಿ ಹಿಡಿದವನು ತನ್ನದೆಂದು ಒಂದು ಗೆರೆಯನ್ನೂ ಸೇರಿಸುವಂತಿರಲಿಲ್ಲ.

ಈ ಕಟ್ಟನ್ನು ಸಡಿಲಿಸಿದವನು ಯಾಮಾಮೊಟೊ ಕಾನಾಯೆ ಎಂಬ ತರುಣ. ೧೮೮೨ರಲ್ಲಿ ಹುಟ್ಟಿದ ಆತನು ಹುಡುಗನಾಗಿದ್ದಾಗಲೇ ಮರದಲ್ಲಿ ಚಿತ್ರ ಕೆತ್ತುವ ಕಸಬುದಾರನೊಬ್ಬನ ಬಳಿ ಕೆಲಸ ಕಲಿತು, ಆಮೇಲೆ ಟೋಕಿಯೋದ ಕಲಾಶಾಲೆಯನ್ನು ಸೇರಿದನು. ೧೯೦೪ರಲ್ಲಿ ಚೋಶಿ ಎಂಬ ಕಡಲತೀರದ ಊರಿನಲ್ಲಿ ಬೆಸ್ತನೊಬ್ಬನನ್ನು ಕಂಡು, ಆ ರೂಪವನ್ನು ತಾನೇ ಬರೆದು, ತಾನೇ ಕೆತ್ತಿ, ತಾನೇ ಒತ್ತಿದನು. ಅದೇ ವರ್ಷದ ಜುಲೈ ತಿಂಗಳಲ್ಲಿ ‘ಮ್ಯೋಜೋ’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ‘ಬೆಸ್ತ’ ಎಂಬ ಆ ಸಣ್ಣ ಚಿತ್ರ ಬೆಳಕು ಕಂಡಿತು. ಅಲ್ಲಿಂದ ಮುಂದೆ ಈ ಬಗೆಗೆ ‘ಸೋಸಾಕು ಹಾಂಗ’, ಎಂದರೆ ಸೃಜನಶೀಲ ಅಚ್ಚುಚಿತ್ರ, ಎಂಬ ಹೆಸರು ಬಂದಿತು. ೧೯೧೮ರಲ್ಲಿ ಇಂಥ ಕಲಾವಿದರ ಸಂಘವು ಸ್ಥಾಪನೆಯಾಗಿ, ಮರುವರ್ಷ ಅದರ ಮೊದಲ ಪ್ರದರ್ಶನವೂ ನಡೆಯಿತು.

ಯಾಮಾಮೊಟೊ ಇಷ್ಟಕ್ಕೇ ನಿಲ್ಲಲಿಲ್ಲ. ಫ್ರಾನ್ಸಿನಲ್ಲಿ ಕೆಲವು ವರ್ಷವಿದ್ದು ರಷ್ಯದ ಮಾರ್ಗವಾಗಿ ಹಿಂತಿರುಗುವಾಗ, ೧೯೧೬ರಲ್ಲಿ, ಅಲ್ಲಿಯ ಮಕ್ಕಳ ಚಿತ್ರಗಳನ್ನೂ ರೈತರ ಕೈಕೆಲಸಗಳನ್ನೂ ಕಂಡು ಬೆರಗಾದನು. ಜಪಾನಿನ ಶಾಲೆಗಳಲ್ಲಿ ಆಗ ಮಕ್ಕಳು ಮಾದರಿ ಪುಸ್ತಕವನ್ನು ಮುಂದಿಟ್ಟುಕೊಂಡು ನಕಲು ಮಾಡುವುದೇ ಚಿತ್ರಕಲೆಯ ಪಾಠವಾಗಿತ್ತು. ಮಗುವು ತನ್ನ ಕಣ್ಣಿನಿಂದ ಕಂಡುದನ್ನು ತನ್ನ ಕೈಯಿಂದ ಬರೆಯಲಿ ಎಂದು ಆತನು ವಾದಿಸಿ, ೧೯೧೯ರಲ್ಲಿ ನಾಗಾನೊ ಪ್ರಾಂತದ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸ್ವಚ್ಛಂದ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದನು. ಕಪ್ಪುಹಲಗೆಯ ಮೇಲೆ ಮಾವಿನಹಣ್ಣನ್ನು ಬರೆದು, ಇದರಂತೆಯೇ ಬರೆಯಿರಿ ಎಂದು ಅಪ್ಪಣೆ ಮಾಡಿದ ನನ್ನಂಥ ಉಪಾಧ್ಯಾಯರು ಈ ಮಾತನ್ನು ಓದುವಾಗ ಕೊಂಚ ತಲೆ ತಗ್ಗಿಸಬೇಕಾಗುತ್ತದೆ.

ಈ ಚಳವಳಿಯ ಫಲ ಎಲ್ಲಿ ಕಂಡಿತು ಎಂಬುದು ಇನ್ನೂ ಸ್ವಾರಸ್ಯವಾಗಿದೆ. ಉತ್ಸುನೊಮಿಯ ಎಂಬ ಊರಿನ ಪಾಠಶಾಲೆಯಲ್ಲಿ ಕಾವಾಕಾಮಿ ಸುಮಿಯೊ ಎಂಬ ಇಂಗ್ಲಿಷ್ ಉಪಾಧ್ಯಾಯನಿದ್ದನು. ತಾರುಣ್ಯದಲ್ಲಿ ಕೆನಡ, ಅಲಾಸ್ಕಗಳನ್ನು ಸುತ್ತಿ ಬಂದು, ೧೯೨೧ರಲ್ಲಿ ಈ ಕೆಲಸಕ್ಕೆ ಸೇರಿದ್ದನು. ಪಾಠ ಹೇಳುವುದು ಆತನ ವೃತ್ತಿ. ಹುಡುಗರಿಗೆ ಬೇಸ್‌ಬಾಲ್ ಆಟ ಕಲಿಸುವುದೂ ಅದರೊಡನೆ ಸೇರಿತ್ತು. ಬಿಡುವಿನ ವೇಳೆಯಲ್ಲಿ ಹಲಗೆ ಕೆತ್ತುತ್ತಿದ್ದನು. ಹೀಗೆ ಕೆತ್ತಿದ ‘ಎಳೆವೇಸಗೆಯ ಗಾಳಿ’ ಎಂಬ ಚಿತ್ರವು ೧೯೨೬ರಲ್ಲಿ ಟೋಕಿಯೋದ ಪ್ರದರ್ಶನವೊಂದರಲ್ಲಿ ತೂಗಿತು. ಗಾಳಿಗೆ ಸಿಕ್ಕಿದ ಉಡುಪಿನ ಒಬ್ಬ ಹೆಂಗಸು; ಆಕೆಯ ಸುತ್ತ, ಅದೇ ಹಲಗೆಯಲ್ಲಿ ಕೆತ್ತಿದ ಆತನದೇ ಕವಿತೆ.

ಆ ಚಿತ್ರದ ಎದುರಿಗೆ ನಿಂತವರಲ್ಲಿ ಒಬ್ಬನು ಮುನಾಕಾಟ ಶಿಕೊ. ಈತನು ಉತ್ತರದ ಅವೊಮೊರಿ ಎಂಬಲ್ಲಿಯ ಕಮ್ಮಾರನ ಮಗ, ೧೯೦೩ರಲ್ಲಿ ಹುಟ್ಟಿದವನು. ಪ್ರಾಥಮಿಕ ಶಾಲೆಯಿಂದ ಮುಂದಕ್ಕೆ ಓದು ಸಾಗಿರಲಿಲ್ಲ. ವಾನ್ ಗೋ ಬರೆದ ಸೂರ್ಯಕಾಂತಿಯ ಚಿತ್ರವನ್ನು ಪತ್ರಿಕೆಯೊಂದರಲ್ಲಿ ಕಂಡು, ತಾನೂ ಅವನಂತಾಗಬೇಕೆಂದು ತೈಲವರ್ಣಗಳನ್ನು ಹಿಡಿದು ೧೯೨೪ರಲ್ಲಿ ಟೋಕಿಯೋಗೆ ಬಂದಿದ್ದನು. ಶಾಲೆಯ ಮೇಷ್ಟರು ಕೆತ್ತಿದ ಆ ಸಣ್ಣ ಚಿತ್ರವು ಆತನ ದಾರಿಯನ್ನೇ ತಿರುಗಿಸಿತು. ತೀರ ಮಂದದೃಷ್ಟಿಯವನಾದ್ದರಿಂದ ಮುಖವು ಹಲಗೆಗೆ ತಾಗುವಷ್ಟು ಬಾಗಿ, ತಡೆಯಿಲ್ಲದ ವೇಗದಿಂದ ಕೆತ್ತುವುದು ಆತನ ಪದ್ಧತಿಯಾಯಿತು. ಉಳಿ ಜಾರಿದರೆ ಜಾರಿದ ಗೆರೆಯೂ ಚಿತ್ರದೊಳಗೆ ಸೇರಿಕೊಳ್ಳುತ್ತಿತ್ತು. ೧೯೩೯ರಲ್ಲಿ ಆತನು ಕೆತ್ತಿದ್ದು ನಮ್ಮ ನಾಡಿನ ಮಹಾತ್ಮರನ್ನೇ: ಶಾರಿಪುತ್ರ, ಮಹಾಕಾಶ್ಯಪ, ಆನಂದ, ಉಪಾಲಿ, ರಾಹುಲ ಮೊದಲಾದ ಬುದ್ಧನ ಹತ್ತು ಜನ ಶಿಷ್ಯರು ಮತ್ತು ಇಬ್ಬರು ಬೋಧಿಸತ್ವರು.

ಅದೇ ೧೯೩೯ರಲ್ಲಿ ಟೋಕಿಯೋದಲ್ಲಿ ಓಂಚಿ ಕೋಶಿರೊ ಎಂಬ ಹಿರಿಯ ಕಲಾವಿದನ ಮನೆಯಲ್ಲಿ ಒಂದು ಕೂಟ ಆರಂಭವಾಯಿತು. ತಿಂಗಳ ಮೊದಲನೆಯ ಗುರುವಾರ ಸೇರುತ್ತಿದ್ದುದರಿಂದ ‘ಮೊದಲ ಗುರುವಾರದ ಸಂಘ’ ಎಂದೇ ಅದರ ಹೆಸರು. ಬಂದವರು ತಮ್ಮ ಚಿತ್ರಗಳನ್ನು ತೋರಿಸುವರು, ಮಾತನಾಡುವರು, ಮನೆಗೆ ಹೋಗಿ ಮತ್ತೆ ಕೆತ್ತುವರು. ಯುದ್ಧವು ಬಂದು ಕಾಗದ, ಬಣ್ಣಗಳು ದುರ್ಲಭವಾದವು. ಆದರೂ ೧೯೪೪ರಲ್ಲಿ ಸದಸ್ಯರು ತಮ್ಮ ಕೈಯಚ್ಚುಗಳನ್ನು ಕೂಡಿಸಿ ಒಂದು ಸಂಪುಟವನ್ನು ಹೊರತಂದರು. ಓಂಚಿಯಂತೂ ಎಲೆ, ದಾರ, ಕಾಗದದ ತುಂಡು ಮೊದಲಾದವಕ್ಕೂ ಮಸಿ ಬಳಿದು ಚಿತ್ರಗಳನ್ನು ಒತ್ತಿದನು.

೧೯೪೫ರ ಮೇ ತಿಂಗಳ ವಿಮಾನದಾಳಿಯಲ್ಲಿ ಮುನಾಕಾಟನ ಟೋಕಿಯೋದ ಮನೆ ಸುಟ್ಟುಹೋಯಿತು. ಆತನು ಕೆತ್ತಿದ್ದ ಹಲಗೆಗಳಲ್ಲಿ ಬಹುಪಾಲು ಬೂದಿಯಾದವು. ಸಂಸಾರದೊಡನೆ ಹಳ್ಳಿಗಾಡನ್ನು ಸೇರಿದ್ದ ಆತನು ಅಲ್ಲಿಯೇ ಮತ್ತೆ ಹಲಗೆ ಹಿಡಿದನು. ಸುಟ್ಟುಹೋದದ್ದು ಮರ, ಕೈಗೆ ಹತ್ತಿದ್ದ ಅಭ್ಯಾಸವನ್ನು ಬೆಂಕಿ ಮುಟ್ಟಲಾಗಲಿಲ್ಲ. ೧೯೫೫ರಲ್ಲಿ ಸಾವೊ ಪಾವ್ಲೊದಲ್ಲಿಯೂ ೧೯೫೬ರಲ್ಲಿ ವೆನಿಸಿನಲ್ಲಿಯೂ ನಡೆದ ಅಂತರರಾಷ್ಟ್ರೀಯ ಪ್ರದರ್ಶನಗಳಲ್ಲಿ ಅಚ್ಚುಚಿತ್ರಕ್ಕೆ ಮೀಸಲಾದ ಹಿರಿಯ ಪ್ರಶಸ್ತಿಗಳು ಈ ಕಮ್ಮಾರನ ಮಗನಿಗೆ ಸಂದವು. ಅದರಲ್ಲಿ ಉತ್ಸುನೊಮಿಯದ ಮೇಷ್ಟರಿಗೂ ಒಂದು ಪಾಲು ಇದೆಯೆಂದು ನಾನು ನಂಬುತ್ತೇನೆ.

ನಮ್ಮ ದೇಶದಲ್ಲಿಯೂ ಈ ಸರಳ ವಿದ್ಯೆಗೆ ದೊಡ್ಡ ಸಾಕ್ಷಿಯುಂಟು. ರವೀಂದ್ರನಾಥ ಠಾಕೂರರೊಡನೆ ೧೯೨೪ರಲ್ಲಿ ಚೀನ, ಜಪಾನುಗಳಿಗೆ ಹೋಗಿಬಂದ ನಂದಲಾಲ ಬಸುಗಳು, ೧೯೩೦ರಲ್ಲಿ, ನೆಲಕ್ಕೆ ಹಾಸುವ ಲಿನೋಲಿಯಮ್ ತುಂಡನ್ನು ಕೆತ್ತಿ, ಕೋಲೂರಿ ನಡೆಯುವ ಗಾಂಧೀಜಿಯ ಚಿತ್ರವನ್ನು ಒತ್ತಿದರು. ಕಪ್ಪು ನೆಲ, ಕೆಲವೇ ಬಿಳಿಯ ಗೆರೆ. ದಾಂಡಿಯಾತ್ರೆಯೆಂದರೆ ಇಂದಿಗೂ ಆ ರೂಪವೇ ನಮ್ಮ ಕಣ್ಣಮುಂದೆ ನಿಲ್ಲುತ್ತದೆ.

ಓದುಗರು ಇದನ್ನು ಓದಿ ಬದಿಗಿಡದೆ ಒಮ್ಮೆ ಕೈಯಾರೆ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಅಡಿಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುವಾಗ ಒಂದು ತುಂಡನ್ನು ಎತ್ತಿಡಿ. ಅಡ್ಡಕೊಯ್ದ ಮುಖದಲ್ಲಿ ಹೂವೊಂದು ಸಿದ್ಧವಾಗಿಯೇ ಇರುತ್ತದೆ. ಆಲೂಗೆಡ್ಡೆಯನ್ನು ಎರಡು ಹೋಳು ಮಾಡಿ, ಬಟ್ಟೆಯಿಂದ ನೀರನ್ನು ಒರೆಸಿ, ಚಾಕುವಿನಿಂದ ಬೇಕಾದ ಆಕಾರವನ್ನು ಉಳಿಸಿ ಕೆತ್ತಿರಿ. ಎಲೆಯಾದರೆ ನರಗಳೆದ್ದ ಹಿಂಬದಿಗೆ ಬಣ್ಣ ಹಚ್ಚಿ, ಕಾಗದವನ್ನಿಟ್ಟು, ಚಮಚದ ಬೆನ್ನಿನಿಂದ ಮೆಲ್ಲಗೆ ಉಜ್ಜಿರಿ. ಬಣ್ಣ ಗಟ್ಟಿಯಾಗಿರಲಿ; ನೀರಾದರೆ ಹರಡುತ್ತದೆ. ಅಕ್ಷರವನ್ನು ಕೆತ್ತುವುದಾದರೆ ತಿರುಗುಮುರುಗಾಗಿ ಕೆತ್ತಬೇಕೆಂಬುದನ್ನು ಮರೆಯಬೇಡಿ. ಮರೆತರೂ ಚಿಂತೆಯಿಲ್ಲ, ಮನೆಯವರೆಲ್ಲ ಕೂಡಿ ನಗುವುದಕ್ಕೆ ಒಂದು ಕಾರಣ ಸಿಕ್ಕಿದಂತಾಯಿತು.

ಮೊದಲ ಅಚ್ಚು ಮಸುಕಾಗುವುದು, ಎರಡನೆಯದು ಮಸಿ ಹೆಚ್ಚಿ ಕಲೆಯಾಗುವುದು, ಮೂರನೆಯದರಲ್ಲಿ ಏನೋ ಒಂದು ಕಾಣಿಸಿಕೊಳ್ಳುವುದು. ವಾರಕ್ಕೊಂದು ಸಂಜೆಯನ್ನು ಇದಕ್ಕೆಂದು ತೆಗೆದಿಡಿ. ಅದು ಗುರುವಾರವೇ ಆಗಬೇಕೆಂದಿಲ್ಲ. ಮಕ್ಕಳು ಜೊತೆಯಲ್ಲಿದ್ದರೆ ಮಾದರಿಯನ್ನು ಮಾತ್ರ ಅವರ ಮುಂದೆ ಇಡಬೇಡಿ. ಒತ್ತಿದ ಕಾಗದವನ್ನು ಮಗುವು ಮೊದಲ ಬಾರಿಗೆ ಸುಲಿದೆತ್ತುವಾಗ ಅದರ ಮುಖವನ್ನು ನೋಡಿರಿ. ಆ ಗಳಿಗೆಯಲ್ಲಿ ಅಚ್ಚು ಬಿದ್ದಿರುವುದು ಕಾಗದದ ಮೇಲೆ ಮಾತ್ರವಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ.