ಮೂಸಿ ನದಿಯ ಲೆಕ್ಕ

ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಕನ್ನಂಬಾಡಿಯ ಕಟ್ಟೆಯನ್ನು ನೆನೆಯುವ ನಾವು, ಅವರು ಮೈಸೂರಿನ ಚೀಫ್ ಎಂಜಿನಿಯರಾಗಿ ಬರುವುದಕ್ಕೆ ಮುನ್ನ, 1909ರ ಏಪ್ರಿಲಿನಿಂದ ನವೆಂಬರಿನವರೆಗೆ ನಿಜಾಮರ ರಾಜಧಾನಿಯಲ್ಲಿದ್ದು ಮಾಡಿದ ಲೆಕ್ಕವೊಂದನ್ನು ಅಷ್ಟಾಗಿ ನೆನೆಯುವುದಿಲ್ಲ. ಕಟ್ಟೆಯಾದರೆ ಎದುರಿಗೆ ಕಾಣುವ ವಸ್ತು. ಲೆಕ್ಕವು ಕಡತದೊಳಗೆ ಮಲಗಿರುವಂಥದು. ಆದರೂ ನಗರವೊಂದು ತನಗೆ ಒದಗಬಹುದಾದ ವಿಪತ್ತನ್ನು ಅಳೆದು, ಆ ಅಳತೆಗೆ ತಕ್ಕಂತೆ ತನ್ನನ್ನು ತಿದ್ದಿಕೊಂಡುದಕ್ಕೆ ನಮ್ಮಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿ, ಹೈದರಾಬಾದಿನ ನಡುವೆ ಹರಿದು, ಕಡೆಗೆ ಕೃಷ್ಣೆಯನ್ನು ಸೇರುವ ಮೂಸಿಯು ಬೇಸಗೆಯಲ್ಲಿ ಬಡಕಲು ಹೊಳೆ. 1908ರ ಸೆಪ್ಟೆಂಬರ್ 28ರಂದು ಆ ಹೊಳೆಯೇ ಸೇತುವೆಗಳನ್ನು ಮುಳುಗಿಸಿ, ದಂಡೆಯ ಪೇಟೆಗಳನ್ನೂ ಅಫ್ಜಲ್‌ಗಂಜಿನ ಆಸ್ಪತ್ರೆಯನ್ನೂ ಕೊಚ್ಚಿಕೊಂಡು ಹೋಯಿತು. ಸತ್ತವರು ಸುಮಾರು 15,000 ಎಂಬ ಎಣಿಕೆ ರೂಢಿಯಲ್ಲಿದೆ. ಆಸ್ಪತ್ರೆಯ ಅಂಗಳದಲ್ಲಿದ್ದ ಹುಣಸೆಮರವೊಂದನ್ನು ಹತ್ತಿ ಕುಳಿತ 150 ಮಂದಿ ಬದುಕಿಕೊಂಡರೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಮುಂಬಯಿ ಸರಕಾರದ ಕೆಲಸವನ್ನು ಬಿಟ್ಟು ಯುರೋಪಿನ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮ್ ಸರಕಾರದ ಕರೆ ಹೋಯಿತು. ಇಂಥ ಸಮಯದಲ್ಲಿ ಯಾರಿಗಾದರೂ ಮೊದಲು ತೋರುವ ಉಪಾಯ ಊರಿನ ದಂಡೆಗೆ ಎತ್ತರದ ಗೋಡೆ ಕಟ್ಟುವುದು. ಅವರಾದರೋ ಊರಿಗೆ ಬೆನ್ನು ಮಾಡಿ, ನೀರು ಬಂದ ದಾರಿಯನ್ನು ಹಿಡಿದು ಮೇಲಕ್ಕೆ ನಡೆದರು. ನಗರದ ಮೇಲುಗಡೆ 862 ಚದರ ಮೈಲಿಗಳ ಜಲಾನಯನ. ಅದರಲ್ಲಿ 788 ಕೆರೆಗಳು, ಎಂದರೆ ಹೆಚ್ಚುಕಡಮೆ ಚದರ ಮೈಲಿಗೊಂದು ಕೆರೆ. ಅವುಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಹೋಗುವಂತೆ ಹೆಣೆದ ಸರಣಿಯನ್ನು ನಮ್ಮ ಬಯಲುಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಆ ಸರಣಿಯಲ್ಲಿ ಮೇಲಿನದೊಂದು ಏರಿ ಕಿತ್ತರೆ ಕೆಳಗಿನವುಗಳ ಗತಿಯೇನೆಂಬುದನ್ನೂ ಅವರು ಬಲ್ಲರು.

ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ ಬಿದ್ದ ಮಳೆ 12.8 ಅಂಗುಲ. ಅಷ್ಟೇ ಮಳೆ ಇಡೀ ಜಲಾನಯನದ ಮೇಲೆ ಸುರಿದು, ಒಂದು ಹನಿಯೂ ಇಂಗದೆ, ದಿನವೆಲ್ಲ ಒಂದೇ ಸಮನಾಗಿ ಹರಿಯಿತೆಂದು ಇಟ್ಟುಕೊಂಡು ನಾನೇ ಒಮ್ಮೆ ಕಾಗದದ ಮೇಲೆ ಗುಣಿಸಿ ನೋಡಿದೆ: ಮೂರು ಲಕ್ಷ ಕ್ಯೂಸೆಕ್ಕಿಗೆ ತುಸು ಕಡಮೆ ಬಂದಿತು. ಆದರೆ ನೆರೆಯ ಉತ್ಕರ್ಷದಲ್ಲಿ ನದಿ ಹರಿದುದು 4,25,000 ಕ್ಯೂಸೆಕ್. ನೀರು ಸಾವಕಾಶವಾಗಿ ಬರಲಿಲ್ಲ, ಒಟ್ಟುಗೂಡಿ ನುಗ್ಗಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈಗ ಕಂಪ್ಯೂಟರಿನಲ್ಲಿ ಮಾದರಿಗಳನ್ನು ರಚಿಸುವವರು ಕೇಳುವುದೂ ಇದನ್ನೇ: ಎಷ್ಟು ನೀರು, ಎಷ್ಟು ಹೊತ್ತಿನಲ್ಲಿ, ಎಲ್ಲಿ ತಡೆದು ನಿಂತು?

ಪ್ರಶ್ನೆಯಲ್ಲಿಯೇ ಪರಿಹಾರವೂ ಇದ್ದಿತು. ಮೂಸಿಗೂ ಅದರ ಉಪನದಿಯಾದ ಈಸಿಗೂ ನಗರದ ಮೇಲುಗಡೆ ಒಂದೊಂದು ಜಲಾಶಯವನ್ನು ಕಟ್ಟಿ, ಗುಂಪುಗೂಡಿ ಬರುವ ನೆರೆಯನ್ನು ಅಲ್ಲಿ ಹಿಡಿದು, ನದಿಯ ಪಾತ್ರ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡತಕ್ಕದ್ದೆಂಬುದು ಅವರ ಸಲಹೆ. ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದುವು. ಇವುಗಳ ಮಹತ್ವ ತುಂಬಿದ ನೀರಿನಲ್ಲಿಲ್ಲ, ನೆರೆಗೆಂದು ಬರಿದಾಗಿ ಉಳಿಸಿದ ಅವಕಾಶದಲ್ಲಿದೆ. ಬರಿದಾದ ಜಾಗದ ಉಪಯೋಗವನ್ನು ಜನರಿಗೆ ಮನಗಾಣಿಸುವುದು ಕಟ್ಟೆ ಕಟ್ಟುವುದಕ್ಕಿಂತಲೂ ಕಠಿನವಾದ ಕೆಲಸ. ತುಂಬಿದ ಕೆರೆಗೆ ಬಾಗಿನ ಕೊಡುವ ನಾವು ಖಾಲಿ ಕೆರೆಗೆ ಕೈ ಮುಗಿದುದುಂಟೆ?

ಜಲಾಶಯಗಳ ನೀರನ್ನು ನಗರವು ಕುಡಿಯತೊಡಗಿತು. ಕ್ರಮೇಣ ಅವು ಕುಡಿಯುವ ನೀರಿನ ಕೆರೆಗಳೆಂದೇ ಹೆಸರಾದುವು. ಅವುಗಳ ಸುತ್ತ 10 ಕಿಲೋಮೀಟರಿನೊಳಗೆ ಕಾರ್ಖಾನೆಗಳನ್ನೂ ದೊಡ್ಡ ವಸತಿಕಟ್ಟಡಗಳನ್ನೂ ನಿರ್ಬಂಧಿಸಿ 1996ರಲ್ಲಿ 111ನೆಯ ಸರಕಾರಿ ಆದೇಶ ಹೊರಟಿತು. 2022ರಲ್ಲಿ ಆ ನಿರ್ಬಂಧವನ್ನು ತೆಗೆಯಲು ಇನ್ನೊಂದು ಆದೇಶವಾಯಿತು. ನಗರವು ಕುಡಿಯುವ ನೀರಿಗೆ ಈಗ ಈ ಜಲಾಶಯಗಳನ್ನು ಮುಖ್ಯವಾಗಿ ಅವಲಂಬಿಸಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ.