ಪ್ರಜಾಪ್ರತಿನಿಧಿ ಸಭೆಯೂ ದಿವಾನರ ಅಧಿಕಾರವೂ

ದಸರೆಯ ಕಾಲಕ್ಕೆ ತುಮಕೂರು, ಗುಬ್ಬಿ, ಕುಣಿಗಲು ತಾಲ್ಲೂಕುಗಳಿಂದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗುತ್ತಿದ್ದವರಿಗೆ ಎಷ್ಟು ಅಧಿಕಾರವಿದ್ದಿತೆಂಬುದು ವಿಚಾರಾರ್ಹವಾದ ವಿಷಯ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಈ ಸಭೆಯನ್ನು ಕೂಡಿಸಿದಾಗ ಸದಸ್ಯರಿಗೆ ದೊರೆತುದು ಅರಿಕೆಮಾಡಿಕೊಳ್ಳುವ ಸ್ವಾತಂತ್ರ್ಯ ಮಾತ್ರ. 1891ರಲ್ಲಿ ಚುನಾವಣೆಯು ಬಂದಮೇಲೂ ಈ ಸ್ಥಿತಿಯು ಮಾರ್ಪಡಲಿಲ್ಲ. ಕೆರೆಯ ದುರಸ್ತಿಯನ್ನೋ ಕಂದಾಯದ ಭಾರವನ್ನೋ ಕುರಿತು ಸದಸ್ಯರು ಮೊರೆಯಿಡಬಹುದಾಗಿತ್ತು. ಆದರೆ ಅಧ್ಯಕ್ಷಪೀಠದಲ್ಲಿ ಕುಳಿತವರೂ ಉತ್ತರ ಹೇಳತಕ್ಕವರೂ ದಿವಾನರೇ. ಪ್ರತಿವಾದಿಯೇ ನ್ಯಾಯಾಧಿಪತಿಯಾದಂತಹ ಏರ್ಪಾಡಿದು! ಹಾಗೆಂದು ಸಭೆಯು ನಿರರ್ಥಕವಾಗಿದ್ದಿತೆನ್ನಲಾಗದು. ರಾಜ್ಯದ ಜಮಾಖರ್ಚನ್ನು ದಿವಾನರು ವರ್ಷವರ್ಷವೂ ಪ್ರಜೆಗಳೆದುರಿಗೆ ವಿವರಿಸಬೇಕಾಯಿತು. ಅಲ್ಲಿ ನಡೆದ ಮಾತು ಅಚ್ಚಾಗಿ ಊರೂರಿಗೆ ಹರಡಿತು.

1907ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. ಬ್ರಜೇಂದ್ರನಾಥ ಸೀಲರ ಸಮಿತಿಯ ಸಲಹೆಯನ್ನನುಸರಿಸಿ ಬಂದ 1923ರ ಸುಧಾರಣೆಯಿಂದ, ಹೊಸ ತೆರಿಗೆಯ ವಿಷಯದಲ್ಲಿ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳತಕ್ಕದ್ದೆಂದಾಯಿತು. ಖರ್ಚಿನ ಬೇಡಿಕೆಗಳಿಗೆ ಮತಕೊಡುವ ಹಕ್ಕು ನ್ಯಾಯವಿಧಾಯಕ ಸಭೆಗೆ ಬಂದಿತು. ಆದರೂ ದಿವಾನರನ್ನು ಅಧಿಕಾರದಿಂದಿಳಿಸುವ ಶಕ್ತಿ ಎರಡು ಸಭೆಗಳಿಗೂ ಇರಲಿಲ್ಲ. ಅವರು ಹೊಣೆಯಾಗಿದ್ದುದು ಮಹಾರಾಜರಿಗೆ. ಪ್ರಜೆಗಳ ಪಕ್ಷದ ಮಂತ್ರಿಮಂಡಲವು ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಅಧಿಕಾರಕ್ಕೆ ಬಂದುದು 1947ರ ಅಕ್ಟೋಬರಿನಲ್ಲಿ, ಅದೂ ‘ಮೈಸೂರು ಚಲೋ’ ಚಳವಳಿಯು ನಡೆದ ಮೇಲೆ.