ದೈವದಂಡನೆ ಮತ್ತು ಮಾನವನ ಪತನ: ಈಸ್ಕಿಲಸ್‌ನ ‘ಪಾರಸಿಕರು’ ನಾಟಕದ ಚಾರಿತ್ರಿಕ ವಿವೇಚನೆ

ಗ್ರೀಕ್ ರುದ್ರನಾಟಕಗಳಲ್ಲಿ ಮಾನವನು ವಿಧಿಯ ಕೈಗೊಂಬೆ, ದೇವತೆಗಳ ಕೋಪವೇ ಅವನ ಪತನಕ್ಕೆ ಕಾರಣ ಎಂಬ ಅಭಿಪ್ರಾಯ ವ್ಯಾಪಕವಾಗಿ ಪ್ರಚಲಿತದಲ್ಲಿದೆ. ಈ ಅಭಿಪ್ರಾಯವನ್ನು ಒಪ್ಪಿಕೊಂಡರೆ ಪತನದಲ್ಲಿ ಮಾನವನ ಹೊಣೆ ಎಷ್ಟು ಎಂಬ ಪ್ರಶ್ನೆಗೆ ಎಡೆಯೇ ಉಳಿಯುವುದಿಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಈಸ್ಕಿಲಸ್‌ನ ‘ಪಾರಸಿಕರು’ ಅತ್ಯಂತ ಸೂಕ್ತವಾದ ಕೃತಿ. ಬಿ.ಎಂ. ಶ್ರೀಕಂಠಯ್ಯನವರು 1935ರಲ್ಲಿ ಇದೇ ಹೆಸರಿನಿಂದ ಕನ್ನಡಕ್ಕೆ ತಂದ ಈ ನಾಟಕ, ಇಂದು ಉಳಿದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಅತ್ಯಂತ ಪ್ರಾಚೀನವಾದುದು. ಪುರಾಣವನ್ನು ಬಿಟ್ಟು ಸಮಕಾಲೀನ ಇತಿಹಾಸವನ್ನು ವಸ್ತುವಾಗಿಸಿಕೊಂಡು ಉಳಿದುಬಂದಿರುವುದೂ ಇದೊಂದೇ. ಹೀಗಾಗಿ ನಾಟಕಕಾರನು ‘ದೈವದಂಡನೆ’ ಎಂದು ಕರೆದುದನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡಲು ಇಲ್ಲಿ ಸಾಧ್ಯವಿದೆ.

ಈ ನಾಟಕ ಕ್ರಿ.ಪೂ. 472ರಲ್ಲಿ ಅಥೆನ್ಸಿನ ಡಯೋನೈಸಸ್ ಉತ್ಸವದಲ್ಲಿ ಪ್ರಯೋಗಗೊಂಡು ಪ್ರಥಮ ಬಹುಮಾನ ಪಡೆಯಿತು. ಅದರ ವೆಚ್ಚವನ್ನು ಭರಿಸಿದವನು ಆಗಿನ್ನೂ ತರುಣನಾಗಿದ್ದ ಪೆರಿಕ್ಲೀಸ್. ಸಲಾಮಿಸ್ ನೌಕಾಯುದ್ಧ ನಡೆದು ಆಗ ಕೇವಲ 8 ವರ್ಷಗಳಾಗಿದ್ದವು. ಕ್ರಿ.ಪೂ. 480ರಲ್ಲಿ ಪಾರಸಿಕರು ಸುಟ್ಟುಹಾಕಿದ್ದ ದೇವಾಲಯಗಳ ಅವಶೇಷಗಳು ಆಕ್ರೊಪೊಲಿಸ್ ಬೆಟ್ಟದ ಮೇಲೆ ಇನ್ನೂ ಹಾಗೆಯೇ ಇದ್ದವು. ಪ್ರೇಕ್ಷಕರು ಕುಳಿತಿದ್ದುದು ಅದೇ ಬೆಟ್ಟದ ಇಳಿಜಾರಿನಲ್ಲಿ. ನಾಟಕಕಾರನು ಸ್ವತಃ ಮ್ಯಾರಥಾನಿನಲ್ಲಿ ಹೋರಾಡಿದವನು. ಸಮಕಾಲೀನ ದುರಂತವನ್ನು ರಂಗಕ್ಕೆ ತರುವುದು ಅಪಾಯದ ಕೆಲಸವೂ ಆಗಿತ್ತು. ಮೈಲೀಟಸ್ ನಗರದ ಪತನವನ್ನು ನಾಟಕವಾಗಿಸಿದ ಫ್ರೈನಿಕಸ್‌ಗೆ ಅಥೆನ್ಸಿನವರು 1000 ದ್ರಾಖ್ಮಾ ದಂಡ ವಿಧಿಸಿದರೆಂದು ಹೆರೊಡೋಟಸ್ ದಾಖಲಿಸಿದ್ದಾನೆ. ಈಸ್ಕಿಲಸ್ ತನ್ನವರ ಗೆಲುವನ್ನು ಸೋತವರ ಅರಮನೆಯ ಶೋಕದ ಮೂಲಕ ಕಾಣಿಸುವ ಮಾರ್ಗವನ್ನು ಆರಿಸಿಕೊಂಡನು. ಅನೇಕ ಪಾರಸಿಕ ವೀರರ ಹೆಸರುಗಳು ನಾಟಕದಲ್ಲಿ ಬರುತ್ತವೆ. ಸಮಕಾಲೀನ ಗ್ರೀಕನೊಬ್ಬನ ಹೆಸರೂ ಬರುವುದಿಲ್ಲ ಎಂಬುದು ಗಮನಾರ್ಹ.

ಕ್ಸರ್ಕ್ಸೀಸನ ಸೋಲಿಗೆ ನಾಟಕದಲ್ಲಿ ಒಂದೇ ವಿವರಣೆಯಿಲ್ಲ. ಸಲಾಮಿಸ್‌ನಿಂದ ಬಂದ ದೂತನ ದೃಷ್ಟಿಯಲ್ಲಿ ಅದು ದುಷ್ಟ ದೈವವೊಂದರ ಕೃತ್ಯ, ಮಾನವನ ಏಳಿಗೆಯನ್ನು ಸಹಿಸದ ದೇವತೆಗಳ ಅಸೂಯೆಯ ಫಲ. ರಾಜಮಾತೆಯೂ ದೈವವನ್ನು ದೂಷಿಸುತ್ತಾಳೆ. ಜೊತೆಗೆ, ತಂದೆಯ ಸಾಧನೆಯೊಡನೆ ಹೋಲಿಸಿ ಮಗನನ್ನು ಹಂಗಿಸಿದ ದುರ್ಜನರ ಸಹವಾಸವನ್ನೂ ಕಾರಣವಾಗಿ ಮುಂದಿಡುತ್ತಾಳೆ. ಕೊನೆಯದಾಗಿ ಗೋರಿಯಿಂದ ಎದ್ದು ಬರುವ ಡೇರಿಯಸನ ಪ್ರೇತ ಹೇಳುವ ಮಾತು ಬೇರೆಯೇ ಬಗೆಯದು. ವಿಪತ್ತು ಭವಿಷ್ಯವಾಣಿಯಲ್ಲಿ ಇದ್ದದ್ದು ನಿಜ; ಆದರೆ ಮಾನವನೇ ಅದರ ಕಡೆಗೆ ಆತುರಪಟ್ಟು ಓಡಿದಾಗ ದೈವವೂ ಅವನ ಜೊತೆಗೂಡುತ್ತದೆ ಎಂಬುದು ಅವನ ನಿಲುವು. ಹೆಲೆಸ್ಪಾಂಟ್ ಜಲಸಂಧಿಯನ್ನು ಸೇತುವೆಯಿಂದ ಬಂಧಿಸಿದುದು, ದೇವಾಲಯಗಳನ್ನು ಸುಟ್ಟುದು, ವಿಗ್ರಹಗಳನ್ನು ಸೂರೆಗೈದುದು ಅವನು ಎಣಿಸುವ ಅಪರಾಧಗಳು. ಗ್ರೀಕರು ‘ಹ್ಯೂಬ್ರಿಸ್’ ಎಂದು ಕರೆದ ಮದೋದ್ಧತ ನಡತೆ ಬಿತ್ತನೆಯಾದರೆ, ‘ಆಟೆ’ ಎಂಬ ವಿನಾಶಕಾರಿ ಬುದ್ಧಿಭ್ರಮೆ ಅದರ ಫಸಲು. ದೇವತೆಗಳ ಅಸೂಯೆಯಿಂದ ಆರಂಭವಾದ ವಿವರಣೆ ಹೀಗೆ ನ್ಯಾಯದ ಕಲ್ಪನೆಯಲ್ಲಿ ಮುಕ್ತಾಯಗೊಳ್ಳುತ್ತದೆ. ವಿವರಣೆ ಬೆಳೆದಂತೆಲ್ಲ ಮಾನವನ ಹೊಣೆಯೂ ಹೆಚ್ಚುತ್ತದೆ. ದೈವದ ಉಲ್ಲೇಖ ಲೌಕಿಕ ಕಾರಣಗಳನ್ನು ಮರೆಮಾಡುವುದೂ ಇಲ್ಲ. ಗ್ರೀಕರ 310 ಹಡಗುಗಳಿಗೆ ಎದುರಾಗಿ ಪಾರಸಿಕರ 1000 ಹಡಗುಗಳು ಇದ್ದವೆಂದು ಎಣಿಸಿ ಹೇಳುವ ದೂತನೇ, ಗ್ರೀಕನೊಬ್ಬನ ಸುಳ್ಳು ಸುದ್ದಿಯನ್ನೂ ಇಕ್ಕಟ್ಟಾದ ಜಲಮಾರ್ಗದಲ್ಲಿ ಹಡಗುಗಳು ಪರಸ್ಪರ ಡಿಕ್ಕಿ ಹೊಡೆದುದನ್ನೂ ವಿವರಿಸುತ್ತಾನೆ.

ಇತಿಹಾಸದೊಡನೆ ಹೋಲಿಸಿದಾಗ ನಾಟಕಕಾರನು ಮಾಡಿಕೊಂಡ ಮಾರ್ಪಾಡುಗಳು ಸ್ಪಷ್ಟವಾಗುತ್ತವೆ. ನಾಟಕದ ಡೇರಿಯಸ್ ಎಲ್ಲೆ ಮೀರದ ವಿವೇಕಿ. ಆದರೆ ಚಾರಿತ್ರಿಕ ಡೇರಿಯಸ್ ಸಿಥಿಯನ್ನರ ಮೇಲಿನ ದಂಡಯಾತ್ರೆಗಾಗಿ ಬಾಸ್ಪೊರಸ್‌ಗೆ ತಾನೇ ಸೇತುವೆ ಕಟ್ಟಿಸಿದವನು, ಕ್ರಿ.ಪೂ. 490ರಲ್ಲಿ ಮ್ಯಾರಥಾನಿಗೆ ಸೈನ್ಯ ಕಳುಹಿಸಿದವನೂ ಅವನೇ. ನಾಟಕದ ಕ್ಸರ್ಕ್ಸೀಸ್ ಹರಿದ ಉಡುಪಿನಲ್ಲಿ ದಿಕ್ಕಿಲ್ಲದೆ ಮರಳುತ್ತಾನೆ. ವಾಸ್ತವದಲ್ಲಿ ಅವನು ಮಾರ್ಡೋನಿಯಸನ ಕೈಕೆಳಗೆ ದೊಡ್ಡ ಸೈನ್ಯವನ್ನು ಗ್ರೀಸಿನಲ್ಲಿ ಉಳಿಸಿ ಹಿಂದಿರುಗಿದನು. ಆ ಸೈನ್ಯ ಸೋತದ್ದು ಕ್ರಿ.ಪೂ. 479ರಲ್ಲಿ, ಪ್ಲಾಟೀಯದಲ್ಲಿ. ನಾಟಕ ಪ್ರಯೋಗಗೊಂಡಾಗ ಕ್ಸರ್ಕ್ಸೀಸ್ ಸಿಂಹಾಸನದಲ್ಲೇ ಇದ್ದನು; ಅವನ ಹತ್ಯೆಯಾದುದು ಕ್ರಿ.ಪೂ. 465ರಲ್ಲಿ, ಅದೂ ಸ್ವಂತ ಆಸ್ಥಾನದವರ ಕೈಯಿಂದ. ಅವನ ವಂಶದ ಸಾಮ್ರಾಜ್ಯ ಮುಂದೆಯೂ ಒಂದು ಶತಮಾನಕ್ಕೂ ಮೀರಿ ಬಾಳಿತು. ಆದುದರಿಂದ ನಾಟಕದಲ್ಲಿನ ಸಂಪೂರ್ಣ ಪತನ ಇತಿಹಾಸದ ವರದಿಯಲ್ಲ. ನೀತಿಯೊಂದನ್ನು ಸ್ಥಾಪಿಸಲು ಕಟ್ಟಿದ ಚಿತ್ರ.

ಆ ನೀತಿ ಯಾರಿಗಾಗಿ? ರಂಗದ ಮೇಲಿದ್ದವರು ಪಾರಸಿಕರಾದರೂ ಕೇಳುತ್ತಿದ್ದವರು ಅಥೆನ್ಸಿನವರು. ಅಷ್ಟರಲ್ಲಾಗಲೇ ಡೀಲಿಯನ್ ಒಕ್ಕೂಟದ ನಾಯಕತ್ವ ಅವರ ಕೈಗೆ ಬಂದಿತ್ತು. ಕೈಯಲ್ಲಿರುವುದನ್ನು ಕಡೆಗಣಿಸಿ ಪರರದಕ್ಕೆ ಆಸೆಪಡಬಾರದೆಂಬ ಡೇರಿಯಸನ ಎಚ್ಚರಿಕೆ ಅವರಿಗೂ ಅನ್ವಯಿಸುವಂತಿತ್ತು. ಕ್ರಿ.ಪೂ. 454ರಲ್ಲಿ ಒಕ್ಕೂಟದ ಖಜಾನೆ ಅಥೆನ್ಸಿಗೆ ಸ್ಥಳಾಂತರಗೊಂಡಿತು. ಕ್ರಿ.ಪೂ. 416ರಲ್ಲಿ ಮೀಲೋಸ್ ದ್ವೀಪಕ್ಕೆ ಮುತ್ತಿಗೆ ಹಾಕಿದ ಅವರು, ಅದು ಶರಣಾದ ಮೇಲೆ ಅಲ್ಲಿನ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿಸಿದರು. ಮರುವರ್ಷ ಸಿಸಿಲಿಯ ದಂಡಯಾತ್ರೆ ಕುರಿತ ಚರ್ಚೆಯಲ್ಲಿ ನಿಸಿಯಸ್ ದೂರದ ವಸ್ತುಗಳ ಮೇಲಣ ವಿಪರೀತ ಮೋಹದ ವಿರುದ್ಧ ಎಚ್ಚರಿಸಿದನೆಂದು ಥುಸಿಡಿಡೀಸ್ ಬರೆದಿದ್ದಾನೆ. ಸಭೆ ಅದನ್ನು ಲಕ್ಷಿಸಲಿಲ್ಲ. ಕ್ರಿ.ಪೂ. 413ರಲ್ಲಿ ಆ ನೌಕಾಪಡೆ ಸಿರಾಕ್ಯೂಸ್‌ನ ಬಂದರಿನಲ್ಲಿ ನಾಶವಾಯಿತು.

ಥುಸಿಡಿಡೀಸ್ ಈ ಪತನಕ್ಕೆ ದೇವತೆಗಳನ್ನು ಕಾರಣವಾಗಿ ಮುಂದಿಡುವುದಿಲ್ಲ. ಆದರೂ ಅವನು ಚಿತ್ರಿಸುವ ಆಸೆ, ಆತುರ ಮತ್ತು ಭ್ರಮೆಗಳು ಈಸ್ಕಿಲಸನು ಗುರುತಿಸಿದವುಗಳೇ. ಇದರಿಂದ, ಗ್ರೀಕ್ ರುದ್ರನಾಟಕದ ದೈವದಂಡನೆಯನ್ನು ಕೇವಲ ವಿಧಿವಾದವೆಂದು ಭಾವಿಸುವುದು ಸಮಂಜಸವಲ್ಲವೆಂದು ತಿಳಿದುಬರುತ್ತದೆ. ‘ಪಾರಸಿಕರು’ ನಾಟಕದ ಮಟ್ಟಿಗಾದರೂ ಅದು ಅಧಿಕಾರಕ್ಕೆ ಎಲ್ಲೆಯುಂಟೆಂಬುದನ್ನು ಗೆದ್ದವರಿಗೇ ನೆನಪಿಸುವ ಭಾಷೆಯಾಗಿತ್ತು. ಪ್ರಥಮ ಬಹುಮಾನವನ್ನು ಕೊಟ್ಟ ಆ ನಗರ, ನಾಟಕದ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಳ್ಳಲಿಲ್ಲ.